ನಮ್ಮ ಮನೆಯ ಕರಿ ಅಡುಗೆಮನೆ

ಹೋದ ಬೇಸಿಗೆಯಲ್ಲಿ ನಮ್ಮ ಹಳೇ ಮನೆಯ ಹಿಂಭಾಗಕ್ಕೆ 10 ಅಡಿ ಅಗಲ, 14 ಅಡಿ ಉದ್ದದ ಹೊಸ ಅಡುಗೆಮನೆಯೊಂದು ಸೇರಿಕೊಂಡಿತು. ನೋಡಲು ಬರುವ ನೆಂಟರಲ್ಲಿ ಅರ್ಧ ಜನ ಒಳಗೆ ಕಾಲಿಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: “ಇದೇನು, ಕಪ್ಪು ಬಣ್ಣ?” ನೆಲ ಕಪ್ಪು, ಕಟ್ಟೆಯ ಕಲ್ಲು ಕಪ್ಪು, ಕಪಾಟಿನ ಬಾಗಿಲುಗಳು ಇದ್ದಿಲಿನ ಬಣ್ಣ, ಗೋಡೆಗೆ ಹೊಡೆದ ಹಲಗೆಗಳಂತೂ ಅಮಾವಾಸ್ಯೆ. ಉಳಿದರ್ಧ ಜನ ಮೊಬೈಲು ತೆಗೆದು ಫೋಟೋ ಹೊಡೆದುಕೊಳ್ಳುತ್ತಾರೆ. ಮೊದಲಿನವರು ಹೆಚ್ಚುಕಡಿಮೆ ನನ್ನ ವಯಸ್ಸಿನವರು, ಎರಡನೆಯವರು ನನ್ನ ಸೊಸೆಯ ವಯಸ್ಸಿನವರು. ಈ ಅಡುಗೆಮನೆ ಹುಟ್ಟಿದ್ದೂ ಆ ಎರಡು ವಯಸ್ಸಿನ ನಡುವಿನ ಮಾತುಕತೆಯಲ್ಲೇ. ಮಧ್ಯೆ ನಿಂತು ನ್ಯಾಯ ಹೇಳಿದ್ದು ಏಳನೇ ತರಗತಿಯ ನನ್ನ ಮೊಮ್ಮಗಳು, ಒಂದು ಟಾರ್ಚು, ಒಂದು ನಿಂಬೆಹಣ್ಣು ಮತ್ತು ಒಂದು ಅಯಸ್ಕಾಂತ.

ನಮ್ಮದು ಮಲೆನಾಡು, ಸಾಗರದ ಕಡೆಯ ಹಳ್ಳಿ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1978ರಲ್ಲಿ. ಆಗಿನ ಅಡುಗೆಮನೆಯನ್ನು ಇಂದಿನ ಮಕ್ಕಳಿಗೆ ಹೇಗೆ ಹೇಳಲಿ? ದಪ್ಪ ಮಣ್ಣಿನ ಗೋಡೆ. ಗೋಡೆಯಲ್ಲಿ ಎರಡು ಅಂಗೈ ಅಗಲದ ಒಂದು ಬೆಳಕಿಂಡಿ. ನೆಲದ ಮೇಲೇ ಮಣ್ಣಿನ ಒಲೆ, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಸಣ್ಣದೊಂದು ಕೊಡಿಒಲೆ. ಒಲೆಯ ಮೇಲೆ ಹಲಸಿನ ಹಲಗೆಯ ಅಟ್ಟ. ಮಳೆಗಾಲದಲ್ಲಿ ಒಣಗದ ಅಡಿಕೆ, ಮೆಣಸು, ಹಸಿ ಸೌದೆ ಎಲ್ಲವೂ ಆ ಅಟ್ಟದ ಮೇಲೆ ಹೊಗೆಗೆ ಒಣಗಬೇಕು. ಹೊಗೆ ಅಟ್ಟದ ಸಂದಿಯಲ್ಲಿ ಮೇಲೇರಿ, ಹೆಂಚಿನ ನಡುವೆ ದಾರಿ ಹುಡುಕಿಕೊಂಡು ಹೊರಗೆ ಹೋಗುತ್ತಿತ್ತು. ಅಂದರೆ, ಹೋಗಬೇಕಾಗಿತ್ತು. ಜೂನ್ ತಿಂಗಳ ಜಡಿಮಳೆಯಲ್ಲಿ ಅದು ಹೊರಗೆ ಹೋಗದೆ ನಮ್ಮ ಜೊತೆಯಲ್ಲೇ ಕೂತುಬಿಡುತ್ತಿತ್ತು. ಜಂತಿಯಿಂದ ಇಲ್ಲಣ ಜೋತಾಡುತ್ತಿತ್ತು. ಇಲ್ಲಣ ಎಂದರೆ ಜೇಡರ ಬಲೆಗೆ ಹೊಗೆಯ ಮಸಿ ಹಿಡಿದು ಕರಿ ದಾರದಂತೆ ನೇತಾಡುವ ವಸ್ತು. ಅದು ಸಾರಿನೊಳಗೆ ಬೀಳದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ನಮ್ಮತ್ತೆಯವರು ಆ ಒಲೆಯ ಮುಂದೆ ಐವತ್ತು ವರ್ಷದ ಹತ್ತಿರ ಕೂತವರು. ಒಂದು ಕೈಯಲ್ಲಿ ಊದುಗೊಳವೆ, ಇನ್ನೊಂದು ಕೈಯಲ್ಲಿ ಸೆರಗು, ಸೆರಗು ಕಣ್ಣಿಗೆ. ಕೊನೆಕೊನೆಗೆ ಅವರಿಗೆ ಕೆಮ್ಮು ಬಿಡಲಿಲ್ಲ. ಪೇಟೆಯ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, “ಎಷ್ಟು ವರ್ಷದಿಂದ ಬೀಡಿ ಸೇದುತ್ತೀರಮ್ಮ?” ಎಂದು ಕೇಳಿದರು. ನಮ್ಮತ್ತೆ ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. ನಾಚಿಕೊಂಡು ನನ್ನ ಮುಖ ನೋಡಿದರು. ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆಮೇಲೆ, 1988ರಲ್ಲಿ, ನಮ್ಮ ಮನೆಗೆ ಅಸ್ತ್ರ ಒಲೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಉಪಯೋಗವಾಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಗಿತ್ತು. ಅಲ್ಲಿಯವರು ರೂಪಿಸಿದ ಒಲೆ ಅದು. ಬೆಂಕಿ ಒಳಗೆ ಮುಚ್ಚಿಕೊಂಡಿರುತ್ತದೆ, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುತ್ತವೆ, ಹೊಗೆ ಕೊಳವೆಯಲ್ಲಿ ಸೂರಿನ ಮೇಲಕ್ಕೆ ಹೋಗುತ್ತದೆ. ನಮ್ಮತ್ತೆ ಮೊದಲ ದಿನ ಆ ಒಲೆಯ ಮುಂದೆ ಕೂತು, ಕಣ್ಣು ಒರೆಸಿಕೊಳ್ಳಲು ಅಭ್ಯಾಸಬಲದಿಂದ ಸೆರಗು ಎತ್ತಿ, ಒರೆಸಲು ಏನೂ ಇಲ್ಲದೆ ಹಾಗೇ ಕೆಳಗಿಳಿಸಿದರು. ನಾಲ್ಕು ವರ್ಷ ಆ ಒಲೆಯ ಸುಖ ಕಂಡರು. 1992ರಲ್ಲಿ ತೀರಿಕೊಂಡರು. ಗ್ಯಾಸು ಬಂದದ್ದು ಅವರು ಹೋದ ಮೇಲೆ.

ಇಷ್ಟನ್ನು ಯಾಕೆ ಹೇಳಿದೆನೆಂದರೆ, ಸೊಸೆ ತನ್ನ ಮೊಬೈಲಿನಲ್ಲಿ ಮೇಲಿಂದ ಕೆಳಗಿನವರೆಗೆ ಕಪ್ಪಾಗಿದ್ದ ಅಡುಗೆಮನೆಯ ಚಿತ್ರ ತೋರಿಸಿ, “ಅತ್ತೆ, ಹೀಗೆ ಮಾಡೋಣವಾ?” ಎಂದಾಗ ನನ್ನ ಕಣ್ಣಿಗೆ ಕಂಡದ್ದು ಆ ಚಿತ್ರವಲ್ಲ.

ಮಗ, ಸೊಸೆ ಬೆಂಗಳೂರು ಬಿಟ್ಟು ಊರಿಗೆ ಬಂದು ಮೂರು ವರ್ಷವಾಯಿತು. ಇಬ್ಬರಿಗೂ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಮಧ್ಯಾಹ್ನ ಹನ್ನೊಂದಕ್ಕೆ ನಾನು ತೆಂಗಿನಕಾಯಿ ತುರಿಯುತ್ತಿರುವಾಗಲೇ ಅವಳು ಕಾಫಿಗೆ ಬರಬೇಕು. ಆ ಹಳೇ ಅಡುಗೆಮನೆಯಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕು. ಅದಕ್ಕೇ ಹೊಸದನ್ನು ಸೇರಿಸುವ ಯೋಚನೆ. ನಾನು ಬೇಡ ಎಂದಿದ್ದರೆ ಅವಳು ಕಪ್ಪನ್ನು ಬಿಟ್ಟುಬಿಡುತ್ತಿದ್ದಳು, ಅಷ್ಟು ಸಾಧು ಹುಡುಗಿ. ಆದರೆ ಬೇರೆಯವರ ಅಡುಗೆಮನೆಯಲ್ಲಿ ಬೇಯಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತು. 14 ವರ್ಷ ಹಾಗೆ ಬೇಯಿಸಿದ್ದೇನೆ. ಉಪ್ಪಿನ ಮರಿಗೆಯನ್ನು ಅತ್ತ ಸರಿಸುವ ಮೊದಲು ಒಂದು ಮಾತು ಕೇಳಬೇಕಾಗಿತ್ತು. ಅವಳಿಗೆ ಹಾಗಾಗಬಾರದು ಎಂದು ನನ್ನ ಮನಸ್ಸಿನಲ್ಲಿತ್ತು.

ಆದ್ದರಿಂದ ಬೇಡ ಎನ್ನದೆ, ಅತ್ತೆಯವರ ಕಥೆಯನ್ನು ಹೇಳಿದೆ. ಅವಳು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಅತ್ತೆ, ನಿಮಗೆ ಬೇಡದ್ದು ಕಪ್ಪೋ, ಕತ್ತಲೆಯೋ?”

ನನಗೆ ಆ ಎರಡನ್ನು ಬೇರೆ ಮಾಡಿ ನೋಡುವ ಸಂದರ್ಭವೇ ಬಂದಿರಲಿಲ್ಲ. “ಕತ್ತಲೆ. ಮತ್ತೆ ಹೊಗೆ,” ಎಂದೆ. “ಹಾಗಾದರೆ ಅವೆರಡನ್ನು ಹೊರಗಿಟ್ಟು ಕಪ್ಪನ್ನು ಒಳಗೆ ತರೋಣ,” ಎಂದಳು. ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು.

ಮೊದಲ ಪರೀಕ್ಷೆ ಟಾರ್ಚಿನದು. ಮಕ್ಕಳೇ, ಇದನ್ನು ನೀವೂ ಮಾಡಬಹುದು. ರಾತ್ರಿ ಕೋಣೆಯ ದೀಪ ಆರಿಸಿ. ಬಿಳಿ ಗೋಡೆಯ ಕಡೆ ಟಾರ್ಚು ಬಿಟ್ಟು, ಗೋಡೆಯಿಂದ ವಾಪಸು ಬರುವ ಬೆಳಕಿನಲ್ಲಿ ಪುಸ್ತಕ ಓದಿ ನೋಡಿ. ಓದಲು ಬರುತ್ತದೆ. ಆಮೇಲೆ ಅದೇ ಗೋಡೆಗೆ ಕರಿ ಕಂಬಳಿ ನೇತುಹಾಕಿ, ಅದರ ಮೇಲೆ ಟಾರ್ಚು ಬಿಡಿ. ಪುಸ್ತಕ ಕತ್ತಲಾಗುತ್ತದೆ. ಟಾರ್ಚು ಅದೇ, ಸೆಲ್ಲು ಅದೇ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 100ಕ್ಕೆ 80 ಪಾಲನ್ನು ವಾಪಸು ಕೊಡುತ್ತದೆ. ಕಪ್ಪು ಬಣ್ಣ 5 ಪಾಲು ಕೊಟ್ಟರೆ ಹೆಚ್ಚು, ಉಳಿದದ್ದನ್ನು ನುಂಗುತ್ತದೆ. ಮೊಮ್ಮಗಳು ಈ ಪರೀಕ್ಷೆ ಮಾಡಿ, ತನ್ನ ಅಮ್ಮನನ್ನೂ ಕರೆದು ಕೂರಿಸಿದಳು. ಸೊಸೆ ಕಂಬಳಿಯ ಮುಂದೆ ಪುಸ್ತಕವನ್ನು ಮೂಗಿನ ಹತ್ತಿರ ತಂದುಕೊಂಡಳು. “ಇದು ನನ್ನ ಕಣ್ಣು. ಅಜ್ಜಿಯ ಕಣ್ಣಿಗೆ ಇನ್ನೆಷ್ಟು ಕಷ್ಟ,” ಎಂದಳು.

ಅವಳ ಮಾತು ಸರಿ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. ಇಪ್ಪತ್ತು ವರ್ಷದವರ ಕಣ್ಣಿನ ಹಿಂಭಾಗ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತು ವರ್ಷದವರಿಗೆ ಸಿಗುತ್ತದೆ. ಅಜ್ಜ ಪೇಪರು ಹಿಡಿದು ಅಂಗಳಕ್ಕೆ ಹೋಗುವುದು ಸುಮ್ಮನೆ ಅಲ್ಲ.

ಹಾಗಾಗಿ ನಕ್ಷೆ ಬದಲಾಯಿತು. ಕಪ್ಪೆಲ್ಲ ಭುಜದ ಎತ್ತರದವರೆಗೆ ಮಾತ್ರ. ಅದರ ಮೇಲೆ ಗೋಡೆ ಪೂರ್ತಿ ಬಿಳಿ. ಸೂರಿಗೆ ಮಂಗಳೂರು ಹೆಂಚು, ನಡುನಡುವೆ ಆರು ಗಾಜಿನ ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರಂತೆ, ನಮ್ಮ ಸೂರಿಗೆ ಇಂದಿಗೂ ಅದೇ ನಮೂನೆ ಸಾಕು. ಪೂರ್ವದ ಗೋಡೆಗೆ ಕಟ್ಟೆಯ ಉದ್ದಕ್ಕೂ ಕಿಟಕಿ. ರಾತ್ರಿಗೆ ಕಟ್ಟೆಯ ಮೇಲಿನ ಹಲಗೆಯ ಅಡಿಯಲ್ಲಿ ಎಲ್‌ಇಡಿ ಪಟ್ಟಿ. ಇದು ಮುಖ್ಯ. ದೀಪ ಕೋಣೆಯ ನಡುಮಧ್ಯೆ ಇದ್ದರೆ, ಹೆಚ್ಚಲು ನಿಂತಾಗ ನಮ್ಮ ತಲೆಯ ನೆರಳೇ ಚಾಕುವಿನ ಮೇಲೆ ಬೀಳುತ್ತದೆ. ದೀಪ ನಮ್ಮ ಮುಂದಿರಬೇಕು, ಬೆನ್ನಿಗಲ್ಲ.

ಹೊಗೆಯ ಲೆಕ್ಕ ಇನ್ನೊಂದು. ಒಲೆಯ ಮೇಲೆ ಸುಮಾರು ಎರಡೂವರೆ ಅಡಿ ಎತ್ತರಕ್ಕೆ ವಿದ್ಯುತ್ ಚಿಮಣಿ, ಅದರ ಕೊಳವೆ ಗೋಡೆ ದಾಟಿ ಹೊರಕ್ಕೆ. ಕೊಳವೆ ಇಲ್ಲದ ಚಿಮಣಿಯೂ ಸಿಗುತ್ತದೆ, ಅದು ಜಿಡ್ಡನ್ನು ಸೋಸಿ ಗಾಳಿಯನ್ನು ಮತ್ತೆ ಒಳಗೇ ಬಿಡುತ್ತದೆ. ಬೇಡ ಎಂದೆ. ಹೊಗೆ ಮೇಲೇರುವುದರಿಂದ ಸೂರಿನ ಹತ್ತಿರ ಒಂದು ಸಾಲು ಕಿಂಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಹರಡಿಕೊಳ್ಳುತ್ತದೆ. ಅದಕ್ಕಾಗಿ ಸಿಲಿಂಡರಿನ ಪಕ್ಕ ನೆಲಮಟ್ಟದಲ್ಲೂ ಒಂದು ಕಿಂಡಿ. “ಅದರಲ್ಲಿ ಹಾವು ಬಂದರೆ?” ಎಂದು ಮೇಸ್ತ್ರಿ ಕೇಳಿದರು. ದಪ್ಪ ಜಾಲರಿ ಹೊಡೆಸಿದೆವು. ಮಲೆನಾಡಿನ ನಕ್ಷೆಯಲ್ಲಿ ಹಾವಿಗೂ ಒಂದು ಗೆರೆ ಇರಬೇಕು.

ಈಗ ಕಲ್ಲಿನ ವಿಷಯ. ಕಪ್ಪು ಕಟ್ಟೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕಡಪದ ಕಲ್ಲು. ಆಂಧ್ರದ ಕಡಪ ಜಿಲ್ಲೆಯ ಹೆಸರು ಹೊತ್ತ ಕರಿ ಚಪ್ಪಡಿ, ಅಗ್ಗ, ಗಟ್ಟಿ. ಆದರೆ ಅದು ಸುಣ್ಣದ ಕಲ್ಲಿನ ಜಾತಿ. ಸುಣ್ಣಕ್ಕೂ ಹುಳಿಗೂ ಆಗಿಬರುವುದಿಲ್ಲ. ಮೊಮ್ಮಗಳು ಹಳೇ ಕಡಪ ಚಪ್ಪಡಿಯ ಮೇಲೆ, ಅಂಗಡಿಯವರು ಕೊಟ್ಟ ಗ್ರಾನೈಟ್ ತುಂಡಿನ ಮೇಲೆ ತಲಾ ಒಂದು ನಿಂಬೆಹೋಳು ಕವುಚಿಟ್ಟು ಮಲಗಿದಳು. ಬೆಳಿಗ್ಗೆ ಕಡಪದ ಮೇಲೆ ಹೊಳಪು ಹೋಗಿ ಉರುಟಾದ ಬಿಳಿ ಮಚ್ಚೆ. ಗ್ರಾನೈಟ್ ಹಾಗೇ ಇತ್ತು. ದಿನಾ ಹುಣಸೆ, ನಿಂಬೆ, ಮಜ್ಜಿಗೆ ಬೀಳುವ ಮನೆಗೆ ಯಾವುದು ಎಂದು ತೀರ್ಮಾನಿಸಲು ಬೇರೆ ಸಾಕ್ಷಿ ಬೇಕಿರಲಿಲ್ಲ. ನಮ್ಮ ಚಾಮರಾಜನಗರದ ಕಡೆಯ ಕರಿ ಕಲ್ಲು ತಂದೆವು. ವ್ಯಾಪಾರದಲ್ಲಿ ಅದನ್ನು ಗ್ರಾನೈಟ್ ಎನ್ನುತ್ತಾರೆ, ಭೂವಿಜ್ಞಾನಿಗಳು ಡಾಲರೈಟ್ ಎನ್ನುತ್ತಾರೆ. ಕನ್ನಡಿಯಂತೆ ಹೊಳೆಯುವುದನ್ನು ಬಿಟ್ಟು ಮಂಕಾಗಿ ಉಜ್ಜಿದ್ದನ್ನು ಆರಿಸಿದೆವು. ಹೊಳೆಯುವ ಕಪ್ಪಿನ ಮೇಲೆ ಬೆರಳಿನ ಗುರುತು, ನೀರಿನ ಕಲೆ ಎಲ್ಲವೂ ಎದ್ದು ಕಾಣುತ್ತವೆ. ಹಳೇ ಕಡಪ ಚಪ್ಪಡಿಯನ್ನು ಎಸೆಯಲಿಲ್ಲ. ಹುಳಿ ತಾಗದ ಜಾಗದಲ್ಲಿ, ಕಿಟಕಿಯ ಕೆಳಗೆ, ನೀರಿನ ತಾಮ್ರದ ಕೊಡ ಇಡಲು ಅದೇ ಆಯಿತು.

ನೆಲಕ್ಕೆ ಟೈಲ್ಸ್ ಬೇಡ, ಹಳೇ ಕಾಲದ ಆಕ್ಸೈಡ್ ನೆಲ ಇರಲಿ ಎಂದದ್ದು ಸೊಸೆಯೇ. ಜಗಲಿಯ ಕೆಂಪು ನೆಲದ ಅಣ್ಣತಮ್ಮ ಅದು. ಸಿಮೆಂಟಿನ ಮೇಲ್ಪದರಕ್ಕೆ ಬಣ್ಣದ ಪುಡಿ ಸೇರಿಸಿ, ಒಂದೇ ಪಟ್ಟಿಗೆ ಕರಣೆಯಲ್ಲಿ ತಿಕ್ಕಿ ತಿಕ್ಕಿ ನಯಗೊಳಿಸಬೇಕು. ಕೆಂಪು ಪುಡಿ, ಕರಿ ಪುಡಿ ಎರಡೂ ಕಬ್ಬಿಣವೇ. ಕೆಂಪಿನದು ತುಕ್ಕಿನ ಕುಟುಂಬ, ಕರಿಯದು ಅಯಸ್ಕಾಂತದ ಕಲ್ಲಿನ ಕುಟುಂಬ. ಇದನ್ನು ಕೇಳಿ ಮೊಮ್ಮಗಳು ಶಾಲೆಯ ಅಯಸ್ಕಾಂತವನ್ನು ಕರಿ ಪುಡಿಯ ಪೊಟ್ಟಣದ ಹೊರಗೆ ಆಡಿಸಿದಳು. ಒಳಗಿನ ಪುಡಿ ಇರುವೆ ಸಾಲಿನಂತೆ ಹಿಂದೆಯೇ ಬಂತು! ಮೇಸ್ತ್ರಿಗೂ ಇದು ಹೊಸದು. “ಮೂವತ್ತು ವರ್ಷದಿಂದ ಕಲಸುತ್ತಾ ಇದ್ದೇನೆ ಪುಟ್ಟಿ, ಇದು ಗೊತ್ತಿರಲಿಲ್ಲ,” ಎಂದರು. ದೊಡ್ಡ ನೆಲ ಬಿರುಕು ಬಿಡದಂತೆ ಗಾಜಿನ ಪಟ್ಟಿ ಇಟ್ಟು ಚೌಕಗಳಾಗಿ ಒಡೆದರು. ವಾರಕ್ಕೂ ಹೆಚ್ಚು ದಿನ ನೀರು ನಿಲ್ಲಿಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆವು. ಒದ್ದೆಯಾದರೆ ಇದು ಜಾರುತ್ತದೆ. ಆದ್ದರಿಂದ ಪಾತ್ರೆ ತೊಳೆಯುವ ಜಾಗದಲ್ಲಿ ಮಾತ್ರ ಒರಟಾದ ಶಹಾಬಾದ್ ಕಲ್ಲು.

ನಾವು ಚಿಕ್ಕವರಿದ್ದಾಗಲೂ ಕರಿ ನೆಲ ಇತ್ತು ಎಂದು ನಾನು ಹೇಳಿದೆ. ಹಳೇ ಬ್ಯಾಟರಿ ಸೆಲ್ಲು ಒಡೆದು, ಒಳಗಿನ ಕರಿ ಪುಡಿಯನ್ನು ಸಗಣಿಗೆ ಕಲಸಿ ನೆಲ ಸಾರಿಸುತ್ತಿದ್ದೆವು. ಆ ಪುಡಿ ಮೈಗೆ ಒಳ್ಳೆಯದಲ್ಲ, ನೀವು ಯಾರೂ ಸೆಲ್ಲು ಒಡೆಯಬೇಡಿ. ಆದರೆ ಕರಿ ನೆಲದ ಮೇಲೆ ಬಿಳಿ ರಂಗೋಲಿ ಎಳೆದಾಗಿನ ಚಂದ ನನಗೆ ನೆನಪಿತ್ತು. ಕಪ್ಪಿನ ಬಗ್ಗೆ ನನಗೂ ಒಂದು ಒಳ್ಳೆಯ ನೆನಪಿದೆ ಎಂಬುದು ಮಾತಾಡುತ್ತಾ ಹೊರಬಂತು.

ಒಳಗಿನ ಜೋಡಣೆಗೆ ಸೊಸೆ ಒಂದು ಹಳೇ ಕಥೆ ಹೇಳಿದಳು. ಇಂದು ‘ಮಾಡರ್ನ್ ಕಿಚನ್’ ಎನ್ನುವ ಸಾಲು ಕಟ್ಟೆ, ಸಾಲು ಕಪಾಟು ನಿನ್ನೆ ಮೊನ್ನೆಯದಲ್ಲವಂತೆ. 1926ರಲ್ಲಿ ಮಾರ್ಗರೆಟ್ ಶ್ಯೂಟೆ-ಲಿಹೊಟ್ಸ್‌ಕಿ ಎಂಬ ಆಸ್ಟ್ರಿಯಾದ ಮಹಿಳೆ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ ಒಂದು ಅಡುಗೆಮನೆ ರೂಪಿಸಿದರು. ಅಗಲ ಸುಮಾರು 6 ಅಡಿ, ಉದ್ದ 11 ಅಡಿ, ಅಷ್ಟೇ. ಅಡುಗೆಯವರು ಎಷ್ಟು ಹೆಜ್ಜೆ ನಡೆಯುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಮಾಡಿದ ನಕ್ಷೆ. ಅಂಥವು ಸುಮಾರು 10,000 ಕಟ್ಟಲಾಯಿತು. ಆಕೆ 102 ವರ್ಷ ಬದುಕಿದ್ದರು.

ಮೊಮ್ಮಗಳಿಗೆ ಇಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದು ನನ್ನ ಹಿಂದೆ ಬಿದ್ದಳು. ಕಾಫಿ ಮತ್ತು ದೋಸೆಗೆ ಹಳೇ ಅಡುಗೆಮನೆಯಲ್ಲಿ 143 ಹೆಜ್ಜೆ. ಹಾಲು ಒಂದು ಕಡೆ, ನೀರು ಇನ್ನೊಂದು ಕಡೆ, ಕಾವಲಿ ಮೂರನೇ ಕಡೆ. ಅವಳ ಪಟ್ಟಿ ನೋಡಿಯೇ ನೀರು, ಒಲೆ, ಫ್ರಿಜ್ಜು ಮೂರನ್ನೂ ಹತ್ತಿರ ತಂದೆವು. ಕಟ್ಟೆಯ ಎತ್ತರವನ್ನು ನನ್ನ ಮತ್ತು ಸೊಸೆಯ ಮೊಣಕೈ ನೋಡಿ ಅಳೆದೆವು. ನಾನು ಗಿಡ್ಡ, ಅವಳು ಉದ್ದ. ಆದ್ದರಿಂದ ಕಟ್ಟೆ ಎರಡು ಎತ್ತರ: ಒಲೆಯ ಕಡೆ ಅವಳಿಗೆ ತಕ್ಕಂತೆ 34 ಅಂಗುಲ, ಕಿಟಕಿಯ ಕಡೆ 28 ಅಂಗುಲ. ಅಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತೇ ಹೆಚ್ಚಬಹುದು. ಈಗ ಕಾಫಿ ಮತ್ತು ದೋಸೆಗೆ 68 ಹೆಜ್ಜೆ. ಹಳೇದಕ್ಕೂ ಹೊಸದಕ್ಕೂ ನಡುವೆ ಮೆಟ್ಟಿಲು ಇಲ್ಲ, ಎರಡೂ ನೆಲ ಒಂದೇ ಸಮ. ಮನೆಯಲ್ಲಿ ಹಿರಿಯರಿದ್ದವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಹಳೇ ಅಡುಗೆಮನೆಯಿಂದ ದಾರಿ ತೆರೆಯಲು ಅಟ್ಟ ಇಳಿಸಬೇಕಾಯಿತು. ಆಚಾರಿ ನಾಲ್ಕು ಹಲಸಿನ ಹಲಗೆಗಳನ್ನು ಅಂಗಳಕ್ಕೆ ತಂದು ಇಟ್ಟರು. ತಾರು ಬಳಿದಂತೆ ಕರಿ. ಒಂದರ ತುದಿಗೆ ಕೀಸುಳಿ ಎಳೆದದ್ದೇ ಒಳಗಿಂದ ಅರಿಶಿನದ ಬಣ್ಣದ ಮರ ಕಾಣಿಸಿತು. ಒಂದು ಹುಳುವಿನ ತೂತಿಲ್ಲ, ಗೆದ್ದಲಿನ ಗುರುತಿಲ್ಲ. ಅಷ್ಟು ವರ್ಷ ಹೊಗೆ ಕುಡಿದ ಮರವನ್ನು ಹುಳು ಮುಟ್ಟುವುದಿಲ್ಲ. “ಪೂರಾ ಕೀಸಿದರೆ ಹೊಸದರ ಹಾಗೆ ಆಗುತ್ತದೆ ಅಮ್ಮ,” ಎಂದರು ಆಚಾರಿ.

“ಬೇಡ, ಹಾಗೇ ಇರಲಿ,” ಎಂದೆ. ಎಲ್ಲರೂ ನನ್ನ ಕಡೆ ನೋಡಿದರು. ಕಪ್ಪು ಬೇಡ ಎಂದವಳು ನಾನೇ ತಾನೆ!

ಆ ಮಸಿ ಬಣ್ಣದ ಡಬ್ಬಿಯಿಂದ ಬಂದದ್ದಲ್ಲ. ನಮ್ಮತ್ತೆ ಉಸಿರಿಗೆ ಎಳೆದುಕೊಂಡ ಹೊಗೆಯ ಉಳಿದ ಭಾಗ ಅದು. ಅರ್ಧ ಅವರ ಎದೆಗೆ ಹೋಯಿತು, ಅರ್ಧ ಈ ಹಲಗೆಗೆ. ಅದನ್ನು ಕೀಸಿ ಕಸದಲ್ಲಿ ಗುಡಿಸಿ ಹಾಕಲು ನನಗೆ ಮನಸ್ಸಾಗಲಿಲ್ಲ. ಅಂಟುವಾಳದ ನೀರಿನಲ್ಲಿ ಮೂರು ಸಲ ಒರೆಸಿ, ಬಿಸಿಲಿಗೆ ಒಣಗಿಸಿ, ಮಸಿ ಕೈಗೆ ಹತ್ತದಂತೆ ವಾರ್ನಿಶ್ ಬಳಿಸಿದೆವು. ಕಿಟಕಿಯ ಎದುರಿನ ಗೋಡೆಗೆ ಅವನ್ನು ಹೊಡೆದೆವು. ಅವುಗಳ ಮೇಲೆ ಈಗ ಉಪ್ಪಿನಕಾಯಿಯ ಭರಣಿಗಳು, ಬಳಪದ ಕಲ್ಲಿನ ಮರಿಗೆ, ಸೊಸೆಯ ಕಾಫಿ ಯಂತ್ರ, ಮೊಮ್ಮಗಳ ಓಟ್ಸ್ ಡಬ್ಬಿ. ನೆಂಟರು ಫೋಟೋ ತೆಗೆಯುವುದು ಹೆಚ್ಚಾಗಿ ಅದನ್ನೇ. ಆಚಾರಿ ಕೀಸಿದ ಆ ಒಂದು ಗೇಣು ಹಳದಿ ಹಾಗೇ ಇದೆ. ಮೊಮ್ಮಗಳು ಬಂದವರಿಗೆಲ್ಲ ಅದನ್ನು ತೋರಿಸಿ, ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಹೊಗೆ ಎಂದು ವಿವರಿಸುತ್ತಾಳೆ.

ಎಲ್ಲವೂ ಸುಸೂತ್ರ ಎಂದಲ್ಲ. ಮೊದಲ ಮಳೆಗಾಲದಲ್ಲಿ ಕಪ್ಪು ಕಪಾಟಿನ ಬಾಗಿಲುಗಳ ಮೇಲೆ ಬಿಳಿ ಬೂಸಲು ಬಂತು. ಒಲೆಯ ಕಾವಿದ್ದ ಕಾಲದಲ್ಲಿ ಈ ಕಾಟ ಇರಲಿಲ್ಲ. ಕಪಾಟುಗಳನ್ನು ಗೋಡೆಯಿಂದ ಎರಡು ಬೆರಳು ಮುಂದೆ ಸರಿಸಿ ಗಾಳಿಯಾಡುವಂತೆ ಮಾಡಿದ ಮೇಲೆ ಕಡಿಮೆಯಾಯಿತು. ಕಪ್ಪು ಕಟ್ಟೆಯ ಮೇಲೆ ಚೆಲ್ಲಿದ ಸಾಸಿವೆ ನನಗೆ ಕಾಣುವುದೇ ಇಲ್ಲ, ಅದಕ್ಕೆ ಬಿಳಿ ತಟ್ಟೆ ಬೇಕು. ಆದರೆ ತೆಂಗಿನ ತುರಿಯ ಒಂದು ಎಳೆ ಬಿದ್ದರೂ ನಕ್ಷತ್ರದ ಹಾಗೆ ಕಾಣುತ್ತದೆ. ಅಕ್ಕಿ ಆರಿಸುವಾಗ ಕಲ್ಲೂ ಕಾಣಬೇಕು, ಅಕ್ಕಿಯೂ ಕಾಣಬೇಕು. ಅದಕ್ಕೆ ನನ್ನ ಹಳೇ ಮೊರವೇ ಸರಿ ಎಂದು ಇಟ್ಟುಕೊಂಡಿದ್ದೇನೆ. ಒರಳುಕಲ್ಲನ್ನು ಎಲ್ಲಿ ಇಡುವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಅದು ಬಾವಿಕಟ್ಟೆಯ ಹತ್ತಿರ ಕೂತಿದೆ.

ಮೊನ್ನೆ ಉಪ್ಪಿನ ಮರಿಗೆ ಇದ್ದ ಜಾಗದಲ್ಲಿ ಇರಲಿಲ್ಲ. ಸೊಸೆ ಅದನ್ನು ಒಲೆಯ ಎಡಕ್ಕೆ ಸರಿಸಿದ್ದಳು. ನನ್ನನ್ನು ಕೇಳಿರಲಿಲ್ಲ. ಅದನ್ನು ಕಂಡು ನನಗಾದ ಸಮಾಧಾನವನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳೇ, ನಿಮ್ಮ ಮನೆಯ ಅಡುಗೆಮನೆಗೆ ಯಾವ ಬಣ್ಣವಾದರೂ ಇರಲಿ. ಈ ಭಾನುವಾರ ಒಂದು ಕಾಗದ, ಪೆನ್ಸಿಲು, ಅಳತೆಪಟ್ಟಿ ಹಿಡಿದು ಒಳಗೆ ಹೋಗಿ. ಬೆಳಗಿನ ತಿಂಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ಹೆಚ್ಚುವಾಗ ನೆರಳು ಎಲ್ಲಿ ಬೀಳುತ್ತದೆ ನೋಡಿ. ಒಗ್ಗರಣೆಯ ಹೊಗೆ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ, ಅಥವಾ ಹೋಗುವುದೇ ಇಲ್ಲವೋ, ಗುರುತು ಮಾಡಿ. ಆಮೇಲೆ ಅಲ್ಲಿ ದಿನಾ ನಿಲ್ಲುವವರನ್ನು, ಅದು ಅಜ್ಜಿಯಿರಲಿ, ಅಮ್ಮನಿರಲಿ, ಅಪ್ಪನಿರಲಿ, ಕೂರಿಸಿಕೊಂಡು ಕೇಳಿ: ಇಲ್ಲಿ ನಿಮಗೆ ಏನು ಕಷ್ಟ? ಅವರು ಮೊದಲು “ಏನೂ ಇಲ್ಲ” ಎನ್ನುತ್ತಾರೆ. ಎದ್ದು ಹೋಗಬೇಡಿ, ಸ್ವಲ್ಪ ಹೊತ್ತು ಕಾಯಿರಿ.